ಅಕ್ಕನ ತಿಥಿಯ ದಿನ ನಾನು ಆಡದ ಮಾತು

ನನ್ನ ಬಾಯಿ ಒಳ್ಳೇದಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರನ್ನ ಬೇಕಾದರೂ ಕೇಳಿ, ಹೇಳುತ್ತಾರೆ. ನಲ್ಲಿ ನೀರಿಗೆ ಜಗಳ, ಸೀರೆಗೆ ಕುಚ್ಚು ಕಟ್ಟಿಸಿಕೊಂಡು ಆಮೇಲೆ ತಪ್ಪು ಹುಡುಕೋರ ಜೊತೆ ಜಗಳ, ನಮ್ಮನೆಯವರ ಜೊತೆಗಂತೂ ಕೇಳೋದೇ ಬೇಡ. ಇಷ್ಟು ಬಾಯಿರೋ ನಾನು, ಬಾಯಿ ಬಿಡಲೇಬೇಕಾಗಿದ್ದ ಒಂದೇ ಒಂದು ದಿನ ತುಟಿ ಹೊಲಿದುಕೊಂಡು ನಿಂತುಬಿಟ್ಟೆ. ಅದು ನಮ್ಮಕ್ಕನ ತಿಥಿಯ ದಿನ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಬಂಡಳ್ಳಿಗೆ ಕೊಟ್ಟಿದ್ದರು. ಭಾವ ಸಾಧು ಮನುಷ್ಯ. ಆದರೆ ಭಾವನ ಅಣ್ಣ ಬೀದಿಗೇ ಯಜಮಾನ, ಗುಡಿಯ ಬೀಗದ ಕೈ ಯಾವಾಗಲೂ ಅವನ ಸೊಂಟದಲ್ಲೇ. ಅಕ್ಕನಿಗೆ ಇದ್ದದ್ದು ಒಂದೇ ಹೆಣ್ಣುಕೂಸು. ಏಳು ವರ್ಷಕ್ಕೆ ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ಅಕ್ಕ ಅತ್ತಿದ್ದನ್ನ ನಾನು ನೋಡಿದ್ದು ಅವತ್ತೇ ಕೊನೆ. ಆಮೇಲೆ ಕೂಲಿಗೆ ಹೋಗೋದು, ಬರೋದು, ಮುದ್ದೆ ತಿರುವೋದು, ಅಷ್ಟೇ.

ಮುಸುಕಿನ ಜೋಳ ಮುರಿಯೋ ಕೂಲಿಯಲ್ಲಿ ರಾಮಾಪುರದ ಕಡೆಯ ಒಬ್ಬ ತಮಿಳು ಹೆಂಗಸು ಅಕ್ಕನಿಗೆ ಜೊತೆಯಾದಳು. ಏಸುವನ್ನ ನಂಬಿದವಳು. ಬುತ್ತಿ ಬಿಚ್ಚೋ ಮುಂಚೆ ಬದುವಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದಳಂತೆ. ಒಂದು ದಿನ ಅಕ್ಕ ಕೇಳಿದಳು, "ಸತ್ತೋದ್ ಕೂಸ್ಗಳು ಎಲ್ಲೋಯ್ತವೆ?" ಅಂತ. ಅವನ ಹತ್ತಿರವೇ ಇವೆ, ನಂಬಿದವರೂ ಅಲ್ಲಿಗೇ ಹೋಗುತ್ತಾರೆ, ಅಲ್ಲಿ ಮತ್ತೆ ಸಾವಿಲ್ಲ ಅಂದಳು ಆಕೆ. ಹರಕೆ ಬೇಡ, ಉಪವಾಸ ಬೇಡ, ನಂಬಿದರೆ ಸಾಕು ಅಂದಳು. ಅಕ್ಕ ನಂಬಿಬಿಟ್ಟಳು. ಹೇಗೆ ನಂಬಿದಳೋ ನನಗಂತೂ ಈವತ್ತಿಗೂ ಗೊತ್ತಾಗಿಲ್ಲ. ಮನೆಯಲ್ಲಿ ದೀಪ ಹಚ್ಚೋದನ್ನ ಬಿಡಲಿಲ್ಲ, ಭಾವನಿಗೂ ಹೇಳಲಿಲ್ಲ. ನನಗೊಬ್ಬಳಿಗೆ ಹೇಳಿದಳು.

ನಾನು ಸುಮ್ಮನಿದ್ದೆನಾ? "ನಿನ್ ಕೂಸ್ಗೆ ಈಗ ಅಲ್ಲಿ ಎಷ್ಟು ವಯಸ್ಸಂತೆ? ಮದ್ವೆ ಗಿದ್ವೆ ಆಗದಾ?" ಅಂತ ಕೇಳಿಬಿಟ್ಟೆ. ಥೂ, ಹಾಳು ನಾಲಿಗೆ! ಅಕ್ಕ ಮುಖ ಸಣ್ಣಗೆ ಮಾಡಿಕೊಳ್ಳಲಿಲ್ಲ. "ಓಗ್ ನೋಡ್ತೀನಲ್ಲ, ಗೊತ್ತಾಯ್ತದೆ ಬುಡು" ಅಂದಳು.

ಮೂರು ವರ್ಷದ ಹಿಂದೆ ಅವಳ ಕಿಡ್ನಿ ಎರಡೂ ಕೆಟ್ಟವು. ವಾರಕ್ಕೆ ಎರಡು ಸಲ ಕೊಳ್ಳೇಗಾಲದಲ್ಲಿ ಡಯಾಲಿಸಿಸ್. ಅದಕ್ಕೇ ನಮ್ಮನೆಯಲ್ಲೇ ಇರಿಸಿಕೊಂಡಿದ್ದೆ. ನಾನು ಸೀರೆಯ ಸೆರಗು ಮೊಣಕಾಲ ಮೇಲೆ ಹಾಕಿಕೊಂಡು ಕುಚ್ಚು ಕಟ್ಟುತ್ತಿದ್ದರೆ, ಅಕ್ಕ ಗೋಡೆಗೊರಗಿ ರೇಷ್ಮೆ ದಾರ ಬಿಡಿಸಿ ಕೊಡುತ್ತಿದ್ದಳು. ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಆ ಮಾತು ತೆಗೆದಳು.

"ನೋಡು, ನಾ ಓದ್ಮೇಲೆ ನಂಗೆ ಎಡೆ ಇಕ್ಬ್ಯಾಡಿ. ಅನ್ನಕ್ಕೆ ಕಾಯ್ಕಂಡು ನಾನು ಅಲ್ಲಿ ಗುಂಡಿ ತಾವು ಕೂತಿರಾಕಿಲ್ಲ. ನೀನೇ ಎಲ್ರ ಮುಂದೆ ಯೋಳ್ಬೇಕು, ಗಟ್ಟಿಯಾಗಿ. ನಮ್ಮಕ್ಕ ನಂಬಿದ್ಲು, ಅವಳು ಸತ್ತಿಲ್ಲ, ಕೂಸಿನ ತಾವು ಓಗವಳೆ ಅಂತ."

"ಅದೇನ್ ನೀನೇ ಯೋಳಾಕಾಗಲ್ವಾ ಭಾವುಂಗೆ?"

"ಬದುಕಿರೋಗಂಟ ಅವ್ರ ಮನೇಲಿ ರಂಪ ಯಾಕೆ? ನಿಂಗೆ ಬಾಯದೆ. ನೀನ್ ಯೋಳು."

"ಆಯ್ತು ಮಾರಾಯ್ತಿ, ಯೋಳ್ತೀನಿ" ಅಂದೆ, ಗಂಟು ತಪ್ಪಿಹೋದ ಸಿಟ್ಟಿನಲ್ಲಿ. ಆದರೂ ಅದು ಮಾತೇ. ಕೊಟ್ಟ ಮಾತು.

ಜೋಳದ ಸುಗ್ಗಿ ಮುಗಿದ ಮೇಲೆ, ಮನೆ ನೋಡಿ ಬರ್ತೀನಿ ಅಂತ ಊರಿಗೆ ಹೋದ ಅಕ್ಕ ಬಂಡಳ್ಳಿಯಲ್ಲೇ ತೀರಿಕೊಂಡಳು. ಅದೇ ಹೊತ್ತಿಗೆ ನನ್ನ ಮಗಳಿಗೆ ಯಳಂದೂರು ತಾಲ್ಲೂಕಿನ ಅಗರದಲ್ಲಿ ಸಂಬಂಧ ಗೊತ್ತಾಗಿತ್ತು. ಎಲೆ ಅಡಿಕೆ ಬದಲಾಯಿಸಿದ್ದೆವು. ಆ ಬೀಗರೂ ಮರ್ಯಾದೆಗೆ ಅಂತ ತಿಥಿಗೆ ಬಂದರು. ಹೀಗೆ ಅಕ್ಕ ಏಸುವನ್ನ ನಂಬಿದ್ದಳು ಅಂತ ಬಾಯಿ ಬಿಟ್ಟರೆ ಮಗಳ ಮದುವೆ ಅಲ್ಲಿಗೆ ಮುಗೀತು ಅಂತ ನನ್ನ ಲೆಕ್ಕ. ಆ ಭಯದಲ್ಲೇ ಅಡುಗೆಗೆ ಕೈಹಾಕಿದೆ. ನಾನೇ ವಡೆ ಸುಟ್ಟೆ. ನಾನೇ ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು ಎಲೆಗೆ ಬಡಿಸಿದೆ. ಅವಳಿಗೆ ಇಷ್ಟ ಅಂತ ಒಂದು ಲೋಟ ಟೀ ಕೂಡ ಇಟ್ಟೆ.

ಹೊಲದಲ್ಲಿ ಅಕ್ಕನನ್ನ ಹೂತ ಗುಂಡಿಯ ಮೇಲೆ ಎಲೆ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ. ಅದೇನು ಅಂತ ಊಹಿಸಿ, ನಡೆಸಿಕೊಡ್ತೀವಿ ಅಂತ ಯಾರಾದರೂ ಕೂಗಿ ಹೇಳಬೇಕು. ನಮ್ಮ ಕಡೆ ಹಿಂದಿನಿಂದಲೂ ನಡೆದು ಬಂದಿದ್ದು.

ಕಾಗೆ ಹೊಂಗೆಮರದ ಮೇಲೆ ಕೂತು ಕೊಕ್ಕು ಉಜ್ಜಿತೇ ಹೊರತು ಇಳಿಯಲಿಲ್ಲ.

"ನಿನ್ ಹಸ ಮಾರಾಕಿಲ್ಲ ಕಣೇ, ಬಾ" ಅಂದ ಭಾವ. ಇಳಿಯಲಿಲ್ಲ. "ಗುಡಿಗೆ ನಿನ್ನೆಸ್ರಲ್ಲಿ ಗಂಟೆ ಕಟ್ಟುಸ್ತೀನಿ ಕಣವ್ವ!" ಅಂತ ಅವನ ಅಣ್ಣ ಕೂಗಿದ. ಬೇರೆ ಹೊತ್ತಾಗಿದ್ದರೆ ಅಕ್ಕನೂ ನಾನೂ ಬಿದ್ದು ಬಿದ್ದು ನಗುತ್ತಿದ್ದೆವು. ಬಿಸಿಲು ಏರಿತು, ಸಾರು ಆರಿತು, ಕಾಗೆ ಹಾರಿಹೋಯಿತು. ಭಾವ ನನ್ನ ಕಡೆ ತಿರುಗಿದ.

"ನಿನ್ ಮನೇಲೇ ಇದ್ಲಲ್ಲವ್ವ. ನಿಂಗೇನಾದ್ರೂ ಯೋಳಿದ್ಲಾ? ಏನಾದ್ರೂ ಆಸೆ ಇತ್ತಾ?"

ಎಲ್ಲರೂ ನನ್ನನ್ನೇ ನೋಡಿದರು. ಅಗರದವರೂ ನೋಡಿದರು.

"ಏನೂ ಇಲ್ಲ ಭಾವ. ಏನೂ ಯೋಳ್ನಿಲ್ಲ" ಅಂದೆ.

ಕೊನೆಗೆ ಎಲೆ ತೆಗೆದು ಹಸುವಿಗೆ ಹಾಕಿದರು. ತನ್ನ ಮೇಲೇ ಏನೋ ಕೋಪ ಇಟ್ಟುಕೊಂಡು ಹೋದಳು ಅಂತ ಭಾವ ತಲೆ ಮೇಲೆ ಟವೆಲ್ ಹಾಕಿಕೊಂಡು ಅತ್ತ. ನಾನು ಅವನ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಾ ಕೂತಿದ್ದೆ.

ಮಗಳ ಮದುವೆ ಆಯಿತು. ಆದ ಮೇಲೆ ಒಂದು ದಿನ ತಡೆಯಲಾರದೆ ಬೀಗಿತ್ತಿಗೆ ಹೇಳಿಕೊಂಡೆ. ಆಕೆ ಎಲೆಗೆ ಸುಣ್ಣ ಸವರುತ್ತಾ, "ಅಯ್ಯೋ, ಅಷ್ಟೇನಾ? ನಮ್ ಚಿಕ್ಕಮ್ಮನೂ ಪ್ರಾರ್ಥ್ನೆಗೆ ಓಯ್ತಿದ್ಲು ಕಣ್ರವ್ವ" ಅಂದು ಎಲೆ ಬಾಯಿಗಿಟ್ಟುಕೊಂಡಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬಂಡಳ್ಳಿಗೆ ಹೋಗಿ ಭಾವನಿಗೂ ಹೇಳಿದೆ. "ಅವತ್ತೇ ಯೋಳಿದ್ರೆ ನಾ ಬ್ಯಾಡ ಅಂತಿದ್ನಾ?" ಅಂದ. ಕಾಫಿ ಕೂಡ ಕುಡಿ ಅನ್ನಲಿಲ್ಲ.

ಅಷ್ಟಾದ ಮೇಲೂ ನನಗೆ ಒಂದೇ ಕೊರೆತ. ನಾವು ಎಡೆ ಇಟ್ಟಿದ್ದರಿಂದ, ಕಾಗೆ ಕರೆದಿದ್ದರಿಂದ, ಅಕ್ಕನಿಗೆ ಅಲ್ಲಿ ಬಾಗಿಲು ಮುಚ್ಚಿಹೋಯಿತಾ? ಕೂಸು ಸಿಕ್ಕಿತೋ ಇಲ್ಲವೋ? ನಂಬದೇ ಇರೋಳಿಗೆ ಇದೆಲ್ಲ ಯಾಕೆ ಅಂತೀರಿ. ನನಗೂ ಗೊತ್ತಿಲ್ಲ. ಹೋದ ತಿಂಗಳು ಹನೂರಿನ ಮೇಲೆ ರಾಮಾಪುರಕ್ಕೆ ಬಸ್ ಹತ್ತಿ, ಕೇಳಿಕೊಂಡು ಹೋಗಿ ಆ ತಮಿಳು ಹೆಂಗಸನ್ನ ಹುಡುಕಿದೆ. ಮನೆ ಮುಂದೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ನಕ್ಕಳು.

"ನೀವ್ ಇಟ್ಟ ವಡೆಗೆ ಏಸು ಅವಳ್ನ ವಾಪಸ್ ಕಳಿಸ್ತಾನಾಮ್ಮಾ? ನಂಬಿದ್ಲು, ಓದ್ಲು. ಅದು ಆಗೋಯ್ತು."

ಎದೆ ಹಗುರಾಯಿತು. ಹಾಗೇ ಬಂದುಬಿಟ್ಟಿದ್ದರೆ ಚೆನ್ನಾಗಿತ್ತು. ಸುಮ್ಮನಿರಲಾರದೆ, "ಹಂಗಾದ್ರೆ ನಾನು ಯೋಳ್ಲೇಬೇಕು ಅಂತ ಯಾಕೆ ಮಾತು ತಕಂಡ್ಲು?" ಅಂತ ಕೇಳಿದೆ.

ಆಕೆಯ ಕೈ ನಿಂತಿತು. "ಅದು ಅವಳಿಗಲ್ಲಮ್ಮಾ, ನಿನಗೆ. ಎಲ್ಲರ ಮುಂದೆ ನಿನ್ ಬಾಯಿಂದಲೇ ಒಂದ್ ಸಲ ಬಂದ್ರೆ ನೀನೂ ನಂಬ್ತೀಯೇನೋ ಅಂತ ಅವಳ ಆಸೆ. 'ಕೂಸೇನೋ ಸಿಗ್ತದೆ, ನನ್ ತಂಗಿ ಸಿಗಾಕಿಲ್ವಲ್ಲ' ಅಂತ ಇಲ್ಲೇ ಕೂತ್ಕೊಂಡು ಅತ್ಲು."

ಕೂಸು ಹೋದ ಮೇಲೆ ನನ್ನ ಮುಂದೆ ಒಂದು ಹನಿ ಹಾಕದವಳು ಇಲ್ಲಿ ಬಂದು ನನಗೋಸ್ಕರ ಅತ್ತಿದ್ದಳು. ನಾನೂ ಅಲ್ಲೇ, ಹಾದಿಯ ಜನ ನೋಡುತ್ತಾರೆ ಅನ್ನೋದನ್ನೂ ಬಿಟ್ಟು, ಅಕ್ಕಾ ಅಕ್ಕಾ ಅಂತ ಅತ್ತೆ.

ಆಮೇಲೆ ಮನೆಯಲ್ಲಿ ಒಬ್ಬಳೇ ಕಣ್ಣು ಮುಚ್ಚಿ ಕೂತು ನೋಡಿದ್ದೇನೆ. ನಂಬಿಕೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ? ಅವಳು ನಂಬಿದ್ದು ಸುಳ್ಳಾದರೆ ಅಕ್ಕ ಇನ್ನು ನನಗೆ ಸಿಗೋದಿಲ್ಲ. ನಿಜವಾದರೆ ನಾನು ಅವಳಿಗೆ ಸಿಗೋದಿಲ್ಲ.