ಬೇಸ್ ಕ್ಯಾಂಪಿನಲ್ಲಿ ಬೇಯದ ಕುಚ್ಚಲಕ್ಕಿ

ನನ್ನ ಗಂಡ ಹಿಮಾಲಯದ ಶಿಖರವೊಂದಕ್ಕೆ ತಯಾರಾದದ್ದು ಕುಚ್ಚಲಕ್ಕಿ ಹೊತ್ತು. ಮಸ್ಕತ್ತಿನ ಪಕ್ಕದ ಅಲ್ ಅಮೇರಾತಿನ ನಮ್ಮ ಮನೆಯ ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಬೋಳುಗುಡ್ಡಗಳಿವೆ. ಆಫೀಸಿಗೆ ಹೊರಡುವ ಮೊದಲು ಭಾರಕ್ಕೆಂದು ಬೆನ್ನಚೀಲಕ್ಕೆ ಅಕ್ಕಿ ತುಂಬಿ ಅವನ್ನು ಹತ್ತಿ ಇಳಿಯುತ್ತಿದ್ದರು. ಅಕ್ಕಿ ಕೊಟ್ಟ ನಮ್ಮೂರ ಕಡೆಯ ಬ್ಯಾರಿ ಅಂಗಡಿಯವರಿಗೆ ಅದೇ ತಮಾಷೆ.

"ಎಂತ ಸರ್, ಅಕ್ಕಿಗೆ ವಾಕಿಂಗ್ ಮಾಡಿಸುದಾ? ನಮ್ಮ ಅಕ್ಕಿಗೆ ಶುಗರ್ ಇಲ್ಲ ಮಾರಾಯ್ರೆ!"

ಹೊರಡುವ ದಿನ ಅದೇ ಅಕ್ಕಿಯಲ್ಲಿ ಒಂದಿಷ್ಟನ್ನು, ಜೊತೆಗೆ ಮಿಡಿ ಉಪ್ಪಿನಕಾಯಿಯನ್ನು ಅವರ ಬಟ್ಟೆಗಳ ನಡುವೆ ಇಟ್ಟೆ. ಗಂಜಿ ಇಲ್ಲದಿದ್ದರೆ ಅವರಿಗೆ ಉಂಡಂತಾಗುವುದಿಲ್ಲ.

ಬೇಸ್ ಕ್ಯಾಂಪಿನಿಂದ ಫೋನ್ ಬಂದಾಗಲೆಲ್ಲ ನನಗೆ ಒಂದೇ ಗೊಂದಲ. ಮೇಲಿನ ಕ್ಯಾಂಪಿಗೆ ಹತ್ತುತ್ತಾರೆ, ಸಾಮಾನು ಇಡುತ್ತಾರೆ, ಮಲಗಲು ಮತ್ತೆ ಕೆಳಗೆ ಬರುತ್ತಾರೆ.

"ಅಷ್ಟು ಹತ್ತಿ ಪುನಃ ಇಳಿಯುದಾ? ಮಂಡೆ ಸರಿ ಉಂಟಾ ನಿಮಗೆ?"

"ಇಲ್ಲಿ ಗಾಳಿ ತೆಳು ಮಾರಾಯ್ತಿ. ಮೈಗೆ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸ್ಬೇಕು. ಅವಸರ ಮಾಡಿದ್ರೆ ಜೀವಕ್ಕೇ ಅಪಾಯ." ಹಾಗೆಯೇ ಒಂದು ದೂರನ್ನೂ ಸೇರಿಸಿದರು, "ಮತ್ತೆ, ನಿನ್ನ ಅಕ್ಕಿ ಬೇಯುದೇ ಇಲ್ಲ."

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಬಿಸಿಯಾಗುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಈ ಪಾಠ ಆಗ ನೆನಪಾಯಿತು. ಅಕ್ಕಿ ಕಟ್ಟುವಾಗ ನೆನಪಾಗಿರಲಿಲ್ಲ.

ಮೈ ಪಳಗಿತು, ಇನ್ನು ಶಿಖರಕ್ಕೆ ಹೊರಡಬಹುದು ಅನ್ನುವಷ್ಟರಲ್ಲಿ ಮೇಲೆ ಬಿರುಗಾಳಿ ಎದ್ದಿತು. ಇವತ್ತಲ್ಲ, ನಾಳೆ ನೋಡುವ. ನಾಳೆಯೂ ಅಲ್ಲ. ಅವರ ರಜೆ ಕರಗುತ್ತಿತ್ತು. ಇನ್ನೊಮ್ಮೆ ಇಷ್ಟು ರಜೆ ಸಿಗುವುದು ಕನಸೇ. ಆದರೂ ಅವರ ಜೊತೆ ಹತ್ತಲು ಬಂದ ತಂಡದಲ್ಲಿ ಯಾರೂ ಮುಖ ಗಂಟಿಕ್ಕಲಿಲ್ಲ. ಪಳಗಿದ ಮೈ ಮರೆಯದಿರಲೆಂದು ದಿನವೂ ಸ್ವಲ್ಪ ಹತ್ತಿ ಇಳಿದರು, ಹಗ್ಗಗಳನ್ನು ನೋಡಿಕೊಂಡರು, ಹರಿದ ಕೈಗವಸು ಹೊಲಿದರು. ಕ್ಯಾಂಪಿನ ಅಡುಗೆಯವರು ಎಲ್ಲಿಂದಲೋ ಕುಕ್ಕರ್ ತಂದು ಅಕ್ಕಿಯನ್ನು ಕಡೆಗೂ ಬೇಯಿಸಿದರು. ಎತ್ತರಕ್ಕೆ ಹಸಿವು ಸತ್ತಿದ್ದವರೆಲ್ಲ ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಕುಡಿದರಂತೆ.

ತಂಡದ ನಾಯಕಿಯದು ಒಂದೇ ಕಾನೂನು: ‘ಯಾವಾಗ’ ಎಂದು ಕೇಳಿದವರು ಎಲ್ಲರ ಪಾತ್ರೆ ತೊಳೆಯಬೇಕು. ಅದು ತಿಳಿಯದೆ ನಾನು ಫೋನಿನಲ್ಲಿ ಕೇಳಿಬಿಟ್ಟೆ, "ಮೇಲೆ ಹೋಗುದು ಯಾವಾಗ?"

ಆ ಕಡೆ ಗೊಳ್ಳೆಂದು ನಗು. ನಾಯಕಿ ಹಿಂದಿಯಲ್ಲಿ ಕೂಗಿದರು, "ಭಾಭಿ, ನಿಮ್ಮ ಪಾಲಿನ ಪಾತ್ರೆ ಎತ್ತಿಟ್ಟಿದ್ದೇವೆ!"

ರಜೆ ಮುಗಿಯುವ ಹೊತ್ತಿಗೆ ಇವರು ಇನ್ನಷ್ಟು ರಜೆ ಕೇಳಲು ಅಳುಕುತ್ತಲೇ ಮಸ್ಕತ್ತಿನ ಮ್ಯಾನೇಜರಿಗೆ ಫೋನ್ ಮಾಡಿದರು. ಆ ಒಮಾನಿ ಸಾಹೇಬರು, "ಯಲ್ಲಾ, ಹೋಗು, ಹತ್ತಿ ಬಾ. ಆಫೀಸು ಎಲ್ಲಿಗೂ ಓಡಿಹೋಗುವುದಿಲ್ಲ" ಅಂದರಂತೆ.

ಗಾಳಿ ಇಳಿಯಿತು. ಅವರು ಹೊರಟರು, ಫೋನ್ ಮೌನವಾಯಿತು. ನಾನು ಜಪಮಾಲೆ ಮುಗಿಸಿ ಅಡುಗೆಮನೆಗೆ ಹೋದೆ. ಕಪಾಟಿನಲ್ಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಶುಭ್ರವಾಗಿದ್ದವನ್ನೂ ಬಿಡಲಿಲ್ಲ.

ಕೊನೆಗೊಮ್ಮೆ ಬೇಸ್ ಕ್ಯಾಂಪಿನಿಂದ ಅವರ ದನಿ ಕೇಳಿತು, ಒಡೆದ ದನಿ. "ಖಲಾಸ್. ಹತ್ತಿಯೂ ಆಯ್ತು, ಇಳಿದೂ ಆಯ್ತು. ಎಲ್ಲರೂ ಕ್ಷೇಮ. ಅಕ್ಕಿ ಮಾತ್ರ ಖಾಲಿ."

"ದೇವರು ದೊಡ್ಡವನು. ಮನೆಗೆ ಬರುದು..." ಅಂದವಳು ತಟ್ಟನೆ ಬಾಯಿ ಮುಚ್ಚಿಕೊಂಡೆ.

"ಕೇಳು, ಕೇಳು," ನಕ್ಕರು ಅವರು. "ಈಗ ಕೇಳ್ಬಹುದು."