ರಫೂ ಅಣ್ಣನ ಅಕ್ಕನ ಕೋಟು

ರಫೂ ಅಣ್ಣನನ್ನು ಹೊಗಳುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಒಂದೇ ಅಂಗಡಿಗೆ ನಡುವೆ ಹಲಗೆ ಹೊಡೆದು ಹದಿನೇಳು ವರ್ಷ ಹಂಚಿಕೊಂಡವರು ಒಬ್ಬರನ್ನೊಬ್ಬರು ಹೊಗಳುವುದಿಲ್ಲ. ಹಲಗೆಯ ಈಚೆ ನನ್ನ ಇಸ್ತ್ರಿ ಮೇಜು. ಆಚೆ ಅವನ ಸ್ಟೂಲು, ಬಗ್ಗಿಸುವ ದೀಪ, ಭೂತಗನ್ನಡಿ, ದಾರದ ಡಬ್ಬಿಗಳು. ಹರಿದ ಬಟ್ಟೆ ಹರಿದೇ ಇರಲಿಲ್ಲ ಅನ್ನಿಸುವ ಹಾಗೆ ಮಾಡುವುದು ಅವನ ಕಸುಬು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡ ಉದ್ದ ನೇಯ್ದು ಕೂಡಿಸುತ್ತಾನೆ; ರಫೂ ಅಂದರೆ ಅದೇ. ಮುಗಿದ ಮೇಲೆ ಹಲಗೆಯ ಮೇಲಿಂದ ನನ್ನ ಕೈಗೆ ಕೊಟ್ಟು, "ಎಲ್ಲಿ ಹರಿದಿತ್ತು, ತೋರ್ಸು ನೋಡೋಣ" ಅನ್ನುತ್ತಾನೆ. ಈವರೆಗೆ ನನಗೆ ಒಂದು ಸಲವೂ ಕಂಡಿಲ್ಲ. ಅದೇ ಅವನ ಜಂಬ. ಯಾರ ಪ್ಯಾಂಟು ಸಿಗರೇಟಿಗೆ ಸುಟ್ಟಿತು, ಯಾರ ಶಾಲು ಜಗಳದಲ್ಲಿ ಹರಿಯಿತು, ಒಂದು ಮಾತೂ ಹೊರಗೆ ಬೀಳದು. ನಿನ್ನ ಬಾಯಿಗೂ ರಫೂ ಹಾಕ್ಕೊಂಡಿದ್ದೀಯ ಎಂದು ರೇಗಿಸುತ್ತಿದ್ದೆ.

ಅವನಿಗೆ ಇರುವವಳು ಒಬ್ಬಳೇ ಅಕ್ಕ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದರು. ಇವನಿಗೆ ಉಣಿಸಿ, ತಲೆ ಬಾಚಿ, ಒಂದು ಕಸುಬಿಗೆ ಹಚ್ಚಿದವಳು ಅವಳೇ. ದೊಡ್ಡಾಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ಸಿಸ್ಟರಕ್ಕ. ನಮ್ಮ ಮನೆಯ ಮಕ್ಕಳಿಗೆ ಮೈ ಬಿಸಿಯಾದರೆ ಡಾಕ್ಟರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದೆವು. ಒಮ್ಮೆ ರೋಗಿಯನ್ನು ಎತ್ತಿ ಕೂರಿಸುವಾಗ ಅವಳ ಬೆನ್ನು ಹಿಡಿಯಿತು. ನೋವಿಗೆ ನಿದ್ದೆ ಹೋಯಿತು, ನಿದ್ದೆಗೆ ಒಂದು ಮಾತ್ರೆ ಬಂತು. ಒಂದು ಎರಡಾಯಿತು. ಎರಡು ಎಷ್ಟಾಯಿತು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಎರಡು ವರ್ಷ ತಮ್ಮ ಅದಕ್ಕೂ ರಫೂ ಹಾಕಿದ. "ಅಕ್ಕನಿಗೆ ಜ್ವರ ಮೇಡಂ", "ಅಕ್ಕ ಬಚ್ಚಲಲ್ಲಿ ಜಾರಿದ್ಲು ಮೇಡಂ" ಎಂದು ಆಸ್ಪತ್ರೆಗೆ ಫೋನು ಮಾಡುವುದು ಹಲಗೆಯ ಈಚೆ ನನಗೆ ಕೇಳುತ್ತಿತ್ತು. ಒಬ್ಬಳು ಒಂದು ಬಚ್ಚಲಲ್ಲಿ ಎಷ್ಟು ಸಲ ಜಾರುತ್ತಾಳೆ? ಕೇಳಿದರೆ, "ನೀನು ನಿನ್ನ ಇಸ್ತ್ರಿ ನೋಡ್ಕೋ ತಾಯಿ" ಅನ್ನುತ್ತಿದ್ದ. ಕಡೆಗೆ ಒಂದು ಮಧ್ಯಾಹ್ನ ಅವಳು ವಾರ್ಡಿನಲ್ಲಿ ನಿಂತಲ್ಲೇ ತೂಕಡಿಸಿ ಟ್ರೇ ಸಮೇತ ಬಿದ್ದಳು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮೇಟ್ರನ್ ಇವನನ್ನು ಕರೆಸಿದರು.

"ಬೈದ್ರೆ ಹೋಗಲ್ಲ, ಬೀಗ ಹಾಕಿದ್ರೂ ಹೋಗಲ್ಲ. ಇದು ಕಾಯಿಲೆ, ಚಿಕಿತ್ಸೆ ಕೊಡ್ಸಿ" ಎಂದರಂತೆ. "ಒಂದು ಮಾತು ನೆನಪಿರ್ಲಿ. ಈ ಮಾತ್ರೆನ ಮನೇಲಿ ನೀವೇ ನಿಲ್ಸೋಕೆ ಹೋಗ್ಬೇಡಿ. ಒಮ್ಮೆಲೇ ನಿಂತ್ರೆ ಫಿಟ್ಸ್ ಬರುತ್ತೆ. ಜೀವಕ್ಕೇ ಅಪಾಯ."

ಚಟ ಬಿಡಿಸುವ ಕೇಂದ್ರಗಳ ನಂಬರು ಬರೆದು ಅವರು ಕೊಟ್ಟ ಚೀಟಿ ಹಿಡಿದು ಒಂಬತ್ತು ದಿನ ಫೋನು ಮಾಡಿದ. ಒಂದು ಕಡೆ ಜಾಗವಿಲ್ಲ, ಇನ್ನೊಂದು ಕಡೆ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ, ಮತ್ತೊಂದು ಕಡೆ ಫೋನೇ ಎತ್ತುವುದಿಲ್ಲ. ಕಡೆಗೆ ಊರಾಚೆಯ ಒಂದು ಚಿಕ್ಕ ಕೇಂದ್ರದವರು, ಸೋಮವಾರ ಹತ್ತಕ್ಕೆ ಬನ್ನಿ, ಒಂದು ಹಾಸಿಗೆ ಇದೆ ಎಂದರು. ಎರಡು ಷರತ್ತು: ಅವಳೇ ಒಪ್ಪಿ ಸಹಿ ಮಾಡಬೇಕು, ಮೊದಲ ಏಳು ದಿನ ಮನೆಯವರು ಯಾರೂ ಬರಬಾರದು. ಅವಳು ಹಾರಾಡುತ್ತಾಳೆ ಎಂದು ಇವನು ಹೆದರಿ ಹೇಳಿದರೆ, ಅವಳು, "ಏಳು ದಿನ ತಾನೇ? ಹೋಗ್ತೀನಿ ಬಿಡು" ಅಂದಳಂತೆ. ಅವನು ಕುಣಿದಾಡುತ್ತ ಬಂದು ಹೇಳಿದ. ನನಗೇಕೋ ಅಷ್ಟು ಸುಲಭಕ್ಕೆ ಒಪ್ಪಿದ್ದು ಹಿಡಿಸಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಮಲಗಿದ್ದಾಗ, ಇವನು ಅವಳ ಬೂದು ಉಣ್ಣೆ ಕೋಟನ್ನು ಸದ್ದಿಲ್ಲದೆ ಎತ್ತಿಕೊಂಡು ಬಂದ. "ಅಲ್ಲಿಗೆ ಸುಕ್ಕು ಬಟ್ಟೇಲಿ ಹೋಗ್ಬಾರ್ದು. ಒಂದು ಸಲ ಇಸ್ತ್ರಿ ಎಳಿ."

ಒದ್ದೆ ಬಟ್ಟೆ ಹಾಸಿ ಎಳೆದೆ. ಕೆಳಗಿನ ಅಂಚಿಗೆ ಬಂದಾಗ ಇಸ್ತ್ರಿ ತಡವರಿಸಿತು. ಬಟ್ಟೆಯಲ್ಲಿ ಏನಿದ್ದರೂ ಮೊದಲು ತಿಳಿಯುವುದು ಇಸ್ತ್ರಿಯವಳ ಕೈಗೆ. ಮುಟ್ಟಿದೆ. ಅಂಚಿನ ಉದ್ದಕ್ಕೂ ಕಾಳು ತುಂಬಿದ ಹಾಗೆ ಚಿಕ್ಕ ಚಿಕ್ಕ ಉಬ್ಬು. ಕರೆದೆ. ಅವನು ಭೂತಗನ್ನಡಿ ಇಟ್ಟು ನೋಡಿ, "ಈ ಹೊಲಿಗೆ ನಂದಲ್ಲ" ಅಂದ. ಮುಖ ಸಪ್ಪಗಾಯಿತು. ಬಿಚ್ಚಿದ. ಉದ್ದಕ್ಕೆ ಕತ್ತರಿಸಿದ, ಗಾಯಕ್ಕೆ ಕಟ್ಟುವ ಬಟ್ಟೆಯ ಪಟ್ಟಿಯಲ್ಲಿ ಸಾಲಾಗಿ ಸುತ್ತಿಟ್ಟ ಮಾತ್ರೆಗಳು. ಎಣಿಸಿದೆವು. ಅರವತ್ತಮೂರು.

"ಇದಕ್ಕೇ ಒಪ್ಕೊಂಡಿದ್ದು ಅವ್ಳು" ಎಂದು ನನಗೆ ರೇಗಿತು. "ಹೋಗಿ ಎದುರಿಗೆ ಇಡು."

"ಇಟ್ರೆ ನಾಳೆ ಹೊರಡಲ್ಲ. ಆ ಹಾಸಿಗೆ ಹೋಗುತ್ತೆ. ಇನ್ನೊಂದು ಯಾವಾಗ ಸಿಗುತ್ತೋ."

ಆಮೇಲೆ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಡಬ್ಬಿಯಿಂದ ಅಂಗಿಯ ಸಣ್ಣ ಗುಂಡಿಗಳನ್ನು ಆರಿಸಿ, ಒಂದು ಮಾತ್ರೆಗೆ ಒಂದರಂತೆ ಅರವತ್ತಮೂರನ್ನು ಅದೇ ಪಟ್ಟಿಯಲ್ಲಿ ಸುತ್ತಿ ಅಂಚಿನೊಳಗೆ ಸೇರಿಸಿದ. ಕೋಟು ಬೀಳುವ ರೀತಿ ಬದಲಾಗಬಾರದಲ್ಲ! ಅಕ್ಕನ ಸೊಟ್ಟ ಹೊಲಿಗೆಯನ್ನೇ, ಅದೇ ತೂತುಗಳಲ್ಲಿ, ಅಷ್ಟೇ ಸೊಟ್ಟಗೆ ಮತ್ತೆ ಹಾಕಿದ. ಮಾತ್ರೆಗಳು ಸೂಜಿಯ ತಗಡಿನ ಡಬ್ಬಿ ಸೇರಿದವು. "ಅಲ್ಲಿ ಡಾಕ್ಟ್ರು ಇರ್ತಾರಲ್ಲ, ನೋಡ್ಕೋತಾರೆ" ಅಂದ. ನಾನೂ ಹೌದೆಂದುಕೊಂಡು ಮೇಲೊಂದು ಇಸ್ತ್ರಿ ಎಳೆದೆ. ಅಕ್ಕ ಏಳುವ ಮೊದಲೇ ಕೋಟು ಮನೆ ಸೇರಿತು. ತಪ್ಪಿನಲ್ಲಿ ನನ್ನದೂ ಪಾಲಿದೆ, ಇಲ್ಲ ಅನ್ನುವುದಿಲ್ಲ.

ಸೋಮವಾರ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ಕೋಟಿನ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಕುಳಿತಿದ್ದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕೇಂದ್ರದಲ್ಲಿ ಅವಳ ಚೀಲ ಸುರಿದು ನೋಡಿದರು, ಕೋಟಿನ ಜೇಬು ತಿರುವಿದರು. ಅಂಚನ್ನು ಯಾರು ನೋಡುತ್ತಾರೆ? ಡಾಕ್ಟರು ಕನ್ನಡಕವನ್ನು ಹಣೆಗೆ ಏರಿಸಿ, "ದಿನಕ್ಕೆ ಎಷ್ಟು ತಗೋತೀರಿ?" ಎಂದು ಕೇಳಿದರು.

"ಮೂರು."

"ನೀವು ನರ್ಸು, ನಿಮಗೆ ಹೇಳ್ಬೇಕಾಗಿಲ್ಲ. ನೀವು ಹೇಳೋ ಲೆಕ್ಕದ ಮೇಲೆ ಮೆಲ್ಲಮೆಲ್ಲಗೆ ಇಳಿಸ್ತೀವಿ. ಲೆಕ್ಕ ತಪ್ಪಿದ್ರೆ ಮೈ ತಡೆಯಲ್ಲ."

"ಮೂರೇ" ಅಂದಳು, ಕಣ್ಣು ಮಿಟುಕಿಸದೆ. ಸಹಿ ಮಾಡಿದಳು. ತಮ್ಮನ ಕೈ ಅಂಗಿಯ ಮೇಲಿನ ಜೇಬಿನ ತಗಡಿನ ಡಬ್ಬಿಯ ಮೇಲೆ ಇತ್ತು. ಬಾಯಿ ಬಿಡಲಿಲ್ಲ. ಹಾಳಾದ ಆ ರಫೂ ಹಾಕಿದ ಬಾಯಿ.

ಬಸ್‌ಸ್ಟಾಪಿನಲ್ಲಿ ಕುಳಿತಾಗ ನನ್ನ ತಲೆಯೊಳಗೆ ಅದೇ ಸಂಖ್ಯೆ ಸುತ್ತುತ್ತಿತ್ತು. ಅರವತ್ತಮೂರು. ಏಳು ದಿನ. ಮಗ್ಗಿ ತಾನಾಗಿ ಬಾಯಿಗೆ ಬಂತು. "ಏಳೊಂಬತ್ಲ ಅರವತ್ತಮೂರು! ಲೋ, ದಿನಕ್ಕೆ ಒಂಬತ್ತು ಕೋಟಿಂದ, ಮೂರು ಡಾಕ್ಟ್ರಿಂದ. ಅವ್ಳು ತಗೋಳ್ತಿರೋದು ಹನ್ನೆರಡು ಕಣೋ! ಡಾಕ್ಟ್ರು ಮೂರು ಕೊಡ್ತಾರೆ. ಉಳಿದದ್ದಕ್ಕೆ ಅಂಚು ಬಿಚ್ಚಿದ್ರೆ ಸಿಗೋದು ನಿನ್ನ ಗುಂಡಿ!"

ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ. "ಹೇಳಿದ್ರೆ ಅವ್ಳು ಈಗ್ಲೇ ಎದ್ದು ಬರ್ತಾಳೆ. ಮತ್ತೆ ನನ್ನ ಮುಖ ನೋಡಲ್ಲ."

"ನೋಡೋಕೆ ಅವ್ಳು ಇರ್ಬೇಕಲ್ಲೋ" ಅಂದೆ.

ಓಡಿದೆವು. ನನ್ನ ಮೊಣಕಾಲು ಓಡುವಂಥದ್ದಲ್ಲ, ಆದರೂ ಓಡಿದೆ. ಗೇಟಿನವನು, ಏಳು ದಿನ ಆಗಲಿ, ಕಾನೂನು ಕಾನೂನೇ ಎಂದು ಹಟ ಹಿಡಿದ. ರಫೂ ಅಣ್ಣ ಕಂಬಿಯ ಸಂದಿಯಿಂದ ಡಬ್ಬಿ ತೂರಿಸಿ, "ಇದನ್ನ ಡಾಕ್ಟ್ರಿಗೆ ಕೊಡು, ಅಷ್ಟೇ ಸಾಕು" ಅಂದ. ಗೇಟಿನವನು ಮುಚ್ಚಳ ತೆಗೆದು ನೋಡಿ, ಗೇಟು ತೆರೆದ.

ಡಾಕ್ಟರು ಡಬ್ಬಿ ನೋಡಿ ಅಕ್ಕನನ್ನು ಕರೆಸಿದರು. ಕೋಣೆಯಲ್ಲಿ ಸೆಕೆಯಿದ್ದರೂ ಅವಳು ಕೋಟು ಬಿಚ್ಚಿರಲಿಲ್ಲ. ಮೇಜಿನ ಮೇಲಿನ ಡಬ್ಬಿ ಕಂಡು ನಿಂತಲ್ಲೇ ನಿಂತಳು.

"ಅಂಚಲ್ಲಿರೋದು ಮಾತ್ರೆ ಅಲ್ಲ ಅಕ್ಕಾ" ಎಂದ ತಮ್ಮ. "ನಾನು ತೆಗ್ದೆ."

"ಯಾವ ಅಂಚು? ಏನು ಮಾತಾಡ್ತಿದ್ದೀಯ ನೀನು?" ದನಿ ವಾರ್ಡಿನ ದನಿ. ಅಷ್ಟಾದರೂ ಕೈ ಆಗಲೇ ಅಂಚನ್ನು ಹಿಡಿದಿತ್ತು. ಹೊಲಿಗೆ ತಿರುಗಿಸಿ ನೋಡಿದಳು. ತನ್ನದೇ ಹೊಲಿಗೆ. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಗಳಿಗೆ ನಂಬಿದಳು. ಅವಳ ಮುಖದಲ್ಲಿ ಅದು ಕಂಡಿತು. ಆಮೇಲೆ ಅಂಚನ್ನು ಹಲ್ಲಿಗೆ ಕೊಟ್ಟು ಸರ್ರನೆ ಎಳೆದಳು. ಗುಂಡಿಗಳು ನೆಲದ ತುಂಬ ಉರುಳಿದವು.

ನಾನು ಹೊಡೆತ ಬೀಳುತ್ತದೆ ಎಂದುಕೊಂಡೆ. ಅವಳು ಹೊಡೆಯಲಿಲ್ಲ. "ನನ್ನನ್ನ ಇಲ್ಲಿ ಸಾಯೋಕೆ ಬಿಟ್ಟು ಹೋದ್ಯೇನೋ?" ಅಂದಳು, ಬಹಳ ಮೆಲ್ಲಗೆ.

"ಗೊತ್ತಾಗ್ಲಿಲ್ಲ ಅಕ್ಕಾ. ನೀನು ಹೊರಡಲ್ಲ ಅಂತ ಹೆದ್ರಿಕೊಂಡೆ. ಎರಡು ವರ್ಷದಿಂದ ಹೆದ್ರಿಕೊಂಡೇ ಇದ್ದೀನಿ. ಜ್ವರ ಅಂದೆ, ಜಾರಿದ್ಲು ಅಂದೆ. ಇನ್ನು ನನ್ನ ಕೈಲಿ ಮುಚ್ಚೋಕಾಗಲ್ಲ." ನಲವತ್ತು ದಾಟಿದ ಗಂಡಸು ತೋಳಿನಲ್ಲಿ ಮೂಗು ಒರೆಸಿಕೊಂಡ.

ಡಾಕ್ಟರು ಕಾಗದವನ್ನು ಮುಂದೆ ಸರಿಸಿದರು. "ಹೋಗ್ಬೇಕು ಅಂದ್ರೆ ಗೇಟು ತೆಗೆಸ್ತೀನಿ. ಇರೋದಾದ್ರೆ ನನಗೆ ನಿಜವಾದ ಲೆಕ್ಕ ಬೇಕು." ಹನ್ನೆರಡು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವರು ಕೈ ಅಡ್ಡ ಹಿಡಿದರು. "ಅವ್ರೇ ಹೇಳ್ಲಿ."

ಅಕ್ಕ ಬಾಗಿಲು ನೋಡಿದಳು. ತೆರೆದೇ ಇತ್ತು. ಅತ್ತ ಎರಡು ಹೆಜ್ಜೆಯನ್ನೂ ಇಟ್ಟಳು. ಕಾಲಿಗೊಂದು ಗುಂಡಿ ಸಿಕ್ಕಿತು. ಬಗ್ಗಿ ಎತ್ತಿಕೊಂಡಳು. ಪಕ್ಕದ್ದನ್ನು ಎತ್ತಿದಳು, ಅದರ ಪಕ್ಕದ್ದನ್ನು ಎತ್ತಿದಳು. ಇಪ್ಪತ್ತೈದು ವರ್ಷ ರೋಗಿಗಳಿಗೆ ಮಾತ್ರೆ ಎಣಿಸಿದ ಕೈ. ಅಂಗೈಯಲ್ಲಿ ಒಂದೊಂದನ್ನೇ ಹೆಬ್ಬೆರಳಲ್ಲಿ ಸರಿಸುತ್ತ ಎಣಿಸಿದಳು. ಒಂದು ಲೆಕ್ಕಕ್ಕೆ ಬಂದು ನಿಲ್ಲಿಸಿ, ಅಷ್ಟನ್ನೂ ಡಾಕ್ಟರ ಮೇಜಿನ ಮೇಲೆ ಸುರಿದಳು.

"ಇಷ್ಟು. ದಿನಕ್ಕೆ" ಅಂದಳು.

ಡಾಕ್ಟರು ಎಣಿಸಿದರು. ಹನ್ನೆರಡು. ಹಳೆಯ ಲೆಕ್ಕ ಹೊಡೆದುಹಾಕಿ ಹೊಸದು ಬರೆದರು.

ಅಕ್ಕ ಏಳು ದಿನ ಅಂದುಕೊಂಡದ್ದು ಇಳಿಸುತ್ತ ಇಳಿಸುತ್ತ ನಾಲ್ಕು ತಿಂಗಳಾಯಿತು. ನಡುವೆ ಮನೆಗೆ ಬಂದಿದ್ದಾಗ ಒಮ್ಮೆ ಜಾರಿದಳು, ಬಚ್ಚಲಲ್ಲಲ್ಲ, ಮತ್ತೆ ಮಾತ್ರೆಗೆ. ತಾನೇ ಬಸ್ಸು ಹತ್ತಿ ಹೋಗಿ ಮತ್ತೆ ಸೇರಿಕೊಂಡಳು. ಗುರುವಾರ ಗುರುವಾರ ಮನೆಯವರ ಸಭೆಯಲ್ಲಿ ರಫೂ ಅಣ್ಣ ಮೂರು ವಾರ ಗೋಡೆ ನೋಡುತ್ತ ಕುಳಿತಿದ್ದು, ನಾಲ್ಕನೆಯ ವಾರ ಬಾಯಿ ಬಿಟ್ಟನಂತೆ. ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತಂತೆ. ಈಗ ಅಕ್ಕ ಮತ್ತೆ ಡ್ಯೂಟಿಗೆ ಹೋಗುತ್ತಾಳೆ, ಮಾತ್ರೆಯ ಬೀರುವಿಲ್ಲದ ಕಡೆ. ಅದೇ ಬೂದು ಕೋಟು. ಅಂಚು ಮಾತ್ರ ಹರಿದು ನೇತಾಡುತ್ತದೆ. ಇವನು ಸೂಜಿ ಹಿಡಿದು ಹೋದರೆ, "ಮುಟ್ಬೇಡ. ಬಿಚ್ಚಿರ್ಲಿ. ಯಾರಾದ್ರೂ ಕೇಳಿದ್ರೆ ಇದ್ದದ್ದು ಹೇಳು" ಅಂದಳಂತೆ. ಬೆಳಗ್ಗೆ ಅವಳು ಅಂಗಡಿ ಮುಂದೆ ಹಾದುಹೋಗುವಾಗ ಇವನ ಬೆರಳು ಚಡಪಡಿಸುವುದನ್ನು ನೋಡಬೇಕು.

ಮೊನ್ನೆ ಮರದ ಡಿಪೋದ ಯಜಮಾನರು ತಮ್ಮ ಕೋಟು ಕೊಡಲು ಬಂದಿದ್ದರು. ಬೀದಿಯಲ್ಲಿ ಅಕ್ಕ ಹೋದದ್ದನ್ನು ಕಂಡು ನಕ್ಕರು. "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ ಮಾರಾಯ! ಊರಿಗೆಲ್ಲ ರಫೂ ಹಾಕ್ತೀಯ, ನಿಮ್ಮಕ್ಕನ ಕೋಟು ನೋಡು."

ಹಲಗೆಯ ಈಚೆ ನಾನು ಇಸ್ತ್ರಿ ಎತ್ತಿ ನಿಲ್ಲಿಸಿದೆ.

"ನಮ್ಮಕ್ಕನಿಗೆ ಮಾತ್ರೆ ಚಟ ಇತ್ತು ಸ್ವಾಮಿ" ಎಂದ ರಫೂ ಅಣ್ಣ. "ಆ ಅಂಚಲ್ಲಿ ಬಚ್ಚಿಡ್ತಿದ್ಲು. ಒಂದು ಕೇಂದ್ರಕ್ಕೆ ಸೇರ್ಸಿ ಬಿಡ್ಸಿದ್ವಿ. ಇನ್ಮೇಲೆ ಹೊಲೀಬೇಡ ಅಂದಿದ್ದಾಳೆ."

ಯಜಮಾನರ ನಗು ನಿಂತಿತು. ಕೋಟನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ, "ಅವ್ರನ್ನ ಸೇರ್ಸಿದ್ರಲ್ಲ, ಆ ಜಾಗದ ಫೋನ್ ನಂಬರ್ ಇದ್ಯಾ?" ಎಂದು ಕೇಳಿದರು. ರಫೂ ಅಣ್ಣ ಯಾರಿಗೆ ಎಂದು ಕೇಳಲಿಲ್ಲ. ಸೂಜಿ ಕೆಳಗಿಟ್ಟು, ಒಂದು ಚೀಟಿ ಹರಿದು ನಂಬರ್ ಬರೆದುಕೊಟ್ಟ.