ವಾಡೆಯ ಗೋಡೆಯ ಧಣಿಗಳು

ನಿಪ್ಪಾಣಿ ಸೀಮೆಯ ಒಂದು ವಾಡೆಗೆ ನಾವು ಮೂರು ತಲೆಮಾರಿನ ಚಿತ್ರಗಾರರು. ಸಂಸ್ಥಾನ ಹೋದರೂ ಆ ಮನೆಯವರು ತಮ್ಮ ಚಿತ್ರ ಬರೆಸುವುದನ್ನು ಬಿಟ್ಟಿರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಅಜ್ಜ, ಅಪ್ಪ ಬರೆದ ಧಣಿಗಳು ಸಾಲಾಗಿ ಕೂತಿದ್ದರು. ಎಲ್ಲರಿಗೂ ಅದೇ ನೆಟ್ಟನೆಯ ಮೂಗು, ಅದೇ ತುಂಬುಗೆನ್ನೆ. ಮೀಸೆಯೊಂದೇ ಬೇರೆ ಬೇರೆ. ಧಣಿ ಹೇಗಿರಬೇಕೋ ಹಾಗೆ ಬರೆಯುವುದು ನಮ್ಮ ಮನೆಯ ಪದ್ಧತಿ. ಅದನ್ನು ನೋಡಿದರೆ ನನಗೆ ಮೈಯುರಿಯುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಅಪ್ಪನ ಕೈ ನಡುಗಲು ಶುರುವಾಗಿ, ಆಗಿನ ಧಣಿಯ ಚಿತ್ರ ನನ್ನ ಪಾಲಿಗೆ ಬಂತು. ಅವರ ಮುಖದ ತುಂಬ ಸಿಡುಬಿನ ಕಲೆ. ಒಂದನ್ನೂ ಬಿಡದೆ ಬರೆದೆ. ಅಪ್ಪ ನೋಡಿ ಹೌಹಾರಿದ.

"ಲೇ, ಆ ಸಿಡಬಿನ ಕಲಿ ಅಳಸು. ಇದನ್ನ ನೋಡಿದ್ರ ನಾಳಿಂದ ವಾಡೇದ ಬಾಗಲಾ ನಮಗ ಬಂದ್."

"ಅಳಸೂದಿಲ್ಲ. ಕಣ್ಣಿಗೆ ಕಂಡದ್ದನ್ನ ಬರದೇನಿ," ಎಂದೆ. ಸೊಕ್ಕೇ ಸರಿ. ಆದರೆ ಅಂಥ ಚಿತ್ರ ಆ ಗೋಡೆ ಕಂಡಿಲ್ಲವೆಂದು ನನಗೆ ಗೊತ್ತಿತ್ತು.

ವಾಡೆಯ ಪಡಸಾಲೆಯಲ್ಲಿ ಚಿತ್ರದ ಪರದೆ ಸರಿಸಿದಾಗ ಧಣಿ, "ಛಲೋ ಐತಿ, ಆದ್ರ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ತಾಯಿ ಬಾಯಿಸಾಹೇಬರ ಮುಖ ನೋಡಿದರು. ಆ ಮನೆಯಲ್ಲಿ ಅವರ ಮಾತೇ ಕೊನೆ. ಅವರು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಸಿಡಬ ಎದ್ದಾಗ ಬೇವಿನ ತಪ್ಪಲದಾಗ ಮಲಗಿಸಿ ಉಳಿಸಿಕೊಂಡ ಮಗಾ ಇಂವಾ. ಬರೋಬರಿ ಬರದಿ," ಎಂದರು. ಆಮೇಲೆ, ಮೂವತ್ತು ವರ್ಷದ ಹಿಂದೆ ಅಪ್ಪ ಬರೆದ ತಮ್ಮ ಗಂಡನ ಚಿತ್ರದ ಕಡೆ ತಿರುಗಿದರು. "ಇವರು ಯಾರೋ ಏನೋ. ಬಾಳೇವು ಮಾಡಿದ ನನಗ ಗುರ್ತ ಸಿಗವಲ್ಲದು. ನಮ್ಮವರದು ಒಂದ್ ಕಣ್ಣು ಮಾಲ ಇತ್ತು, ಓರೆ ನೋಡತಿತ್ತು. ಅವರನ್ನೂ ತಿರುಗಿ ಬರಿಯಪಾ."

ಗೆದ್ದೆನೆಂದು ಬೀಗುತ್ತ, "ಯಾವ ಕಣ್ರಿ?" ಎಂದೆ.

ಉತ್ತರ ನನ್ನ ಹಿಂದಿನಿಂದ ಬಂತು. "ಎಡಗಣ್ಣು. ಸಿಟ್ಟ ಬಂದಾಗ ಇನ್ನೂ ಜಾಸ್ತಿ ತಿರಗತಿತ್ತು," ಎಂದ ಅಪ್ಪ.

ಬಾಯಿಸಾಹೇಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಾಚಿಕೆಯಾಯಿತು. ನನಗಿಂತ ಮೊದಲೇ ಎಲ್ಲ ಕಂಡು, ಬರೆಯುವ ಅಪ್ಪಣೆ ಸಿಗದೆ ಮೂವತ್ತು ವರ್ಷ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂತಿದ್ದ ಮನುಷ್ಯ ಇವನು.

ಆ ಚಿತ್ರವನ್ನು ನಾನೇ ಬರೆದೆ, ಎಡಗಣ್ಣೊಂದನ್ನು ಬಿಟ್ಟು. ಅಲ್ಲಿಗೆ ಬಂದಾಗ ಕುಂಚವನ್ನು ಅಪ್ಪನಿಗೆ ಕೊಟ್ಟು, ಅವನ ಮುಂಗೈ ನಡುಗದಂತೆ ಹಿಡಿದುಕೊಂಡೆ.